ಪಂಡಿತಾ ರಮಾಬಾಯಿ

ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವೆಂದು ಪ್ರಸಿದ್ಧವಾದ ಗಂಗಾಮೂಲವು ಪಶ್ಚಿಮಘಟ್ಟದ ದಟ್ಟವಾದ ಕಾಡಿನ ನಡುವೆ ಇದೆ. ಹಗಲಿನಲ್ಲಿಯೂ ಜನಸಂಚಾರ ವಿರಳವಾಗಿದ್ದ ಆ ಎಡೆಯಲ್ಲಿ, ನೂರೈವತ್ತು ವರ್ಷಗಳಿಗೂ ಹಿಂದೆ, ಒಬ್ಬ ವಿದ್ವಾಂಸರು ಆಶ್ರಮವೊಂದನ್ನು ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಅವರು ಕಾರ್ಕಳದ ಬಳಿಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು. ಅವರ ಕಿರಿಯ ಮಗಳಾಗಿ ರಮಾಬಾಯಿ 1858ರ ಏಪ್ರಿಲ್ 23ರಂದು ಆ ಕಾಡಿನಲ್ಲಿ ಜನಿಸಿದರು.

ಅನಂತಶಾಸ್ತ್ರಿಗಳು ಆಚಾರನಿಷ್ಠರು, ಆದರೆ ಒಂದು ವಿಷಯದಲ್ಲಿ ಮಾತ್ರ ಲೋಕದ ರೂಢಿಗೆ ತಲೆಬಾಗಿದವರಲ್ಲ. ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತವನ್ನು ಕಲಿಸಿದರು. ಹೆಣ್ಣಿಗೆ ದೇವಭಾಷೆಯನ್ನು ಕಲಿಸುವುದು ಅಧರ್ಮವೆಂದು ದೂರು ಹುಟ್ಟಿ, ಅವರು ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ತಂದೆ ತಾಯಿಗೆ ಕಲಿಸಿದ ವಿದ್ಯೆಯನ್ನು ತಾಯಿ ಮಗಳಿಗೆ ಧಾರೆಯೆರೆದರು.

ಮಗುವಿಗೆ ಆರು ತಿಂಗಳು ತುಂಬುವ ವೇಳೆಗೆ ಕೈಬರಿದಾದ ಕುಟುಂಬವು ಆಶ್ರಮವನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಅಂದಿನಿಂದ ಅವರಿಗೆ ನಿಂತ ಮನೆಯೆಂಬುದಿರಲಿಲ್ಲ. ದೇವಾಲಯಗಳ ಪ್ರಾಂಗಣದಲ್ಲಿ, ನದಿಗಳ ಘಟ್ಟದಲ್ಲಿ ಕುಳಿತು ಪುರಾಣವನ್ನು ಓದುವುದು, ಭಕ್ತರು ಕೊಟ್ಟುದರಿಂದ ಜೀವಿಸುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು - ಇದೇ ಅವರ ಜೀವನಕ್ರಮವಾಯಿತು. ಹೀಗೆ ನಡೆಯುತ್ತ ನಡೆಯುತ್ತಲೇ ಬಾಲಕಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾದವು. ಮರಾಠಿಯೊಡನೆ ಕನ್ನಡವೂ ಹಿಂದಿಯೂ ನಾಲಗೆಗೆ ಒಲಿದವು.

1874ರಲ್ಲಿ ಕ್ಷಾಮವು ಆ ಕುಟುಂಬವನ್ನು ನುಂಗಿತು. ಪುರಾಣ ಕೇಳುವವರಿಲ್ಲ, ಕಾಣಿಕೆ ನೀಡುವವರಿಲ್ಲ. ಕೂಲಿ ಮಾಡಲು ಅವರಿಗೆ ತಿಳಿಯದು. ಭಿಕ್ಷೆ ಬೇಡಲು ಅಭಿಮಾನ ಬಿಡದು. ಪಾತ್ರೆಗಳನ್ನೂ ಒಡವೆಗಳನ್ನೂ ಮಾರಿದ ಬಳಿಕ ಕಾಡಿನ ಎಲೆ ಮತ್ತು ನೀರು ಅವರ ಆಹಾರವಾದುವು. ಮೊದಲು ತಂದೆ, ಬಳಿಕ ತಾಯಿ ತೀರಿಕೊಂಡರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಸಾಕಷ್ಟು ಜನರು ದೊರೆಯದೆ, ಹದಿನಾರರ ರಮಾಬಾಯಿಯೇ ಹೊರಬೇಕಾಯಿತು. ಅವರದು ಗಿಡ್ಡ ನಿಲುವು. ಹೆಗಲ ಮೇಲಿಟ್ಟರೆ ಚಟ್ಟವು ವಾಲುತ್ತಿದ್ದುದರಿಂದ ಅವರು ಅದರ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೂ ನಡೆದರು. ಅಕ್ಕನೂ ಹೆಚ್ಚು ಕಾಲ ಬದುಕಲಿಲ್ಲ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ಅವರು, ಇಬ್ಬರೇ. ಕಾಶ್ಮೀರದಿಂದ ಬಂಗಾಳದವರೆಗೆ ಅವರ ಅಲೆದಾಟ ಸಾಗಿತು. ಹೊದೆಯಲು ಬಟ್ಟೆಯಿಲ್ಲದ ಒಂದು ಚಳಿಗಾಲದ ರಾತ್ರಿ ಝೇಲಮ್ ನದಿಯ ದಡದಲ್ಲಿ ಇಬ್ಬರೂ ಎರಡು ಗುಂಡಿಗಳನ್ನು ತೋಡಿ, ಕುತ್ತಿಗೆಯವರೆಗೆ ಮರಳನ್ನು ಎಳೆದುಕೊಂಡು ಮಲಗಿದರು. ವ್ರತ, ಸ್ನಾನ, ದಾನಗಳನ್ನು ಚಾಚೂ ತಪ್ಪದೆ ಆಚರಿಸಿದವರಿಗೆ ಈ ಗತಿ ಏಕೆ ಬಂದಿತೆಂಬ ಶಂಕೆಯು ಅವರ ಮನಸ್ಸಿನಲ್ಲಿ ಬೇರೂರಿತು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಆ ತರುಣಿಯನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಆದರೆ ಕೀರ್ತಿಯು ಅವರ ಮನಸ್ಸಿಗೆ ನೆಮ್ಮದಿ ತರಲಿಲ್ಲ. ಶಾಸ್ತ್ರಗ್ರಂಥಗಳನ್ನು ಓದಿದಷ್ಟೂ, ಅನೇಕ ವಿಷಯಗಳಲ್ಲಿ ಭಿನ್ನಮತವಿರುವ ಅವು ಸ್ತ್ರೀಯನ್ನು ಕೀಳಾಗಿ ಕಾಣುವುದರಲ್ಲಿ ಮಾತ್ರ ಒಮ್ಮತ ತಾಳಿವೆಯೆಂದು ಅವರಿಗೆ ತೋರಿತು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಅವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ವರಿಸಿದರು. ಪತಿಯ ಮನೆಯಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪುಟ್ಟ ಪುಸ್ತಕವೊಂದು ಅವರ ಕೈಗೆ ಬಂದಿತು. ಹತ್ತೊಂಬತ್ತು ತಿಂಗಳಲ್ಲಿ ಪತಿ ಕಾಲರಾಕ್ಕೆ ತುತ್ತಾದರು. ಇಪ್ಪತ್ಮೂರರ ವಿಧವೆ, ಹಾಲುಗೂಸು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಮರುವರ್ಷ ವೈದ್ಯಶಾಸ್ತ್ರವನ್ನು ಕಲಿಯುವ ಹಂಬಲದಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರು ಅವರಿಗೆ ಆಶ್ರಯವಿತ್ತಿದ್ದರು. ಆ ಸಂನ್ಯಾಸಿನಿಯರು ಲಂಡನಿನ ಫುಲ್‌ಹ್ಯಾಂ ಭಾಗದಲ್ಲಿ ನಡೆಸುತ್ತಿದ್ದ ಒಂದು ಮನೆಯನ್ನು ರಮಾಬಾಯಿಯವರು ನೋಡಲು ಹೋದರು. ಸಮಾಜವು ಪತಿತೆಯರೆಂದು ಹೊರದೂಡಿದ ಹೆಂಗಸರು ಅಲ್ಲಿದ್ದರು. ಅವರಿಗೆ ಶಿಕ್ಷೆಯಿಲ್ಲ, ತಿರಸ್ಕಾರವಿಲ್ಲ. ಉಣಬಡಿಸುವವರ ಕಣ್ಣಿನಲ್ಲಿ ಹೇಸಿಗೆಯಿಲ್ಲ. ಅಂಥವರ ಮೇಲೆ ದಯೆ ತೋರುವುದನ್ನು ರಮಾಬಾಯಿ ಹಿಂದೆ ಎಲ್ಲಿಯೂ ಕಂಡಿರಲಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದಾಗ ಸಂನ್ಯಾಸಿನಿಯೊಬ್ಬರು, ಯೇಸುವು ಬಾವಿಯ ಬಳಿ ಸಮಾರ್ಯದ ಹೆಂಗಸನ್ನು ಮಾತನಾಡಿಸಿದ ಪ್ರಸಂಗವನ್ನು ಓದಿ ಹೇಳಿದರು. ವಾದದಲ್ಲಿ ಪಂಡಿತರನ್ನು ಗೆದ್ದ ಹೆಣ್ಣುಮಗಳು ಒಂದು ಅನ್ನದ ಮನೆಯಲ್ಲಿ ಸೋತರೆನ್ನಬೇಕು. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಹಾಗೆಂದು ಅವರು ತಮ್ಮ ಬುದ್ಧಿಯನ್ನು ಯಾರಿಗೂ ಒಪ್ಪಿಸಲಿಲ್ಲ. ತಮಗೆ ಒಪ್ಪಿಗೆಯಾಗದ ಧರ್ಮಸೂತ್ರಗಳ ಬಗೆಗೆ ಗುರುಗಳೊಡನೆ ಪತ್ರಮುಖೇನ ಹಟಹಿಡಿದು ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಾದರೆ ಆಗದೆ ಎಂಬುದು ಅವರ ತಕರಾರು. ಸಸ್ಯಾಹಾರವನ್ನಾಗಲಿ ಬಿಳಿಯ ಸೀರೆಯನ್ನಾಗಲಿ ಅವರು ಬಿಡಲಿಲ್ಲ. ತಾವು ಸ್ವೀಕರಿಸಿದುದು ಕ್ರಿಸ್ತನನ್ನಲ್ಲ, ಕ್ರಿಸ್ತಮತವನ್ನು ಮಾತ್ರ ಎಂದು ಎಂಟು ವರ್ಷಗಳ ಬಳಿಕ ಅವರಿಗೇ ಅರಿವಾಯಿತು. ಬುದ್ಧಿಯು ಒಪ್ಪಿದ್ದುದು ಹೃದಯಕ್ಕೆ ಇಳಿದದ್ದು ಆಗಲೇ ಎಂದು ಅವರು ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ.

ಈ ನಡುವೆ ಅಮೆರಿಕದಲ್ಲಿ ಸಂಚರಿಸಿ ನೆರವನ್ನು ಸಂಗ್ರಹಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಿದ್ದರು. ಮರುವರ್ಷ ಅದು ಪುಣೆಗೆ ಬಂದಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಸದನದಲ್ಲಿ ಮತಬೋಧನೆಯಿಲ್ಲವೆಂಬ ಭರವಸೆಯನ್ನು ನೀಡಲಾಗಿತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಇಷ್ಟಪಟ್ಟ ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಕೇಸರಿ ಪತ್ರಿಕೆಯು ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂತಹ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಪೋಷಕರು ತಮ್ಮ ಮಕ್ಕಳನ್ನು ಕರೆದೊಯ್ದರು. ಮುಂದೆ ಆ ಹುಡುಗಿಯರಲ್ಲಿ ಹಲವರು ಕ್ರೈಸ್ತರಾದುದರಿಂದ ಪೋಷಕರ ಆತಂಕ ನಿರಾಧಾರವಾಗಿತ್ತೆನ್ನಲಾಗದು. ಬಾಗಿಲು ಮುಚ್ಚಿಕೊಂಡಿದ್ದರೆ ವಿರೋಧವು ತಗ್ಗುತ್ತಿತ್ತೆಂದು ರಮಾಬಾಯಿಯವರಿಗೂ ಗೊತ್ತಿತ್ತು. ಆದರೂ ಮುಚ್ಚಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಕ್ಷಾಮ ತಲೆದೋರಿದ ಸುದ್ದಿ ಬಂದಿತು. ಇಪ್ಪತ್ತೆರಡು ವರ್ಷಗಳ ಹಿಂದಿನ ಹಸಿವು ಅವರ ಕಣ್ಣಮುಂದೆ ನಿಂತಿತು. ಕೈಯಲ್ಲಿ ಹಣವಿರಲಿಲ್ಲ. ದೇವರು ನಡೆಸುವನೆಂದು ನಂಬಿ ರೈಲು ಹತ್ತಿದರು. ಕ್ಷಾಮಶಿಬಿರಗಳಲ್ಲಿ ಎಲುಬಿನ ಹಂದರದಂತಿದ್ದ ಮಕ್ಕಳನ್ನು, ದುಷ್ಟರ ಕೈಗೆ ಸಿಲುಕಲಿದ್ದ ತರುಣಿಯರನ್ನು ಹುಡುಕಿ ಕೂಡಿಸಿದರು. ಹೀಗೆ ಬಂದವರು ಸುಮಾರು ಮುನ್ನೂರು ಮಂದಿ. ಶಾರದಾಸದನವನ್ನು ಮೇಲುಜಾತಿಯ ವಿಧವೆಯರಿಗಾಗಿ ಕಟ್ಟಿದ್ದ ಅವರು ಈಗ ಯಾರ ಜಾತಿಯನ್ನೂ ಕೇಳಲಿಲ್ಲ. ಕೂಲಿ ಮಾಡಲರಿಯದೆ ಹಸಿದು ಸತ್ತ ಮನೆಯ ಮಗಳು ಹೇನು, ಕಜ್ಜಿ, ಹುಣ್ಣುಗಳಿಂದ ತುಂಬಿದ ಮೈಗಳನ್ನು ತೊಳೆಯಲು ನಿಂತರು.

ಪುಣೆಯಲ್ಲಿ ಪ್ಲೇಗಿನ ಹಾವಳಿಯಿದ್ದುದರಿಂದ ಅಷ್ಟು ಜನರನ್ನು ಅಲ್ಲಿಡಲು ಅಧಿಕಾರಿಗಳು ಬಿಡಲಿಲ್ಲ. ಮೂವತ್ತಕ್ಕೂ ಹೆಚ್ಚು ಮೈಲಿ ದೂರದ ಕೇಡಗಾಂವಿನಲ್ಲಿ ಅವರು ಕೊಂಡಿದ್ದ ಹೊಲವಿತ್ತು. ಅಲ್ಲಿ ಗುಡಿಸಲುಗಳೆದ್ದವು, ಬಾವಿಗಳನ್ನು ತೋಡಲಾಯಿತು. ಅದೇ ಮುಕ್ತಿಸದನ. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿನ ಜನಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಹೆಣ್ಣುಮಕ್ಕಳು ನೆಯ್ದರು, ಉತ್ತರು, ಗಾಣವಾಡಿಸಿದರು, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು. ಕುರುಡರಿಗೆ ಬ್ರೈಲ್ ಲಿಪಿಯ ಪಾಠಗಳು ನಡೆದವು. ಫುಲ್‌ಹ್ಯಾಂನಲ್ಲಿ ಕಂಡಂತಹುದೇ ಒಂದು ಮನೆ, ಕೃಪಾಸದನವೆಂಬ ಹೆಸರಿನಲ್ಲಿ ಇಲ್ಲಿಯೂ ತಲೆಯೆತ್ತಿತು. ಮುಂದೆ ಮಗಳು ಮನೋರಮೆಯ ನೆರವಿನಿಂದ ಗುಲ್ಬರ್ಗದಲ್ಲಿಯೂ ಒಂದು ಶಾಲೆಯನ್ನು ತೆರೆದರು. ಹೀಗೆ ಹುಟ್ಟಿದ ನಾಡಿನ ಋಣ ಒಂದಿಷ್ಟು ಸಂದಿತು.

ಅವರ ಕೊನೆಯ ವರ್ಷಗಳು ಬೈಬಲ್ಲಿನ ಮರಾಠಿ ಅನುವಾದದಲ್ಲಿ ಕಳೆದುವು. ಅದಕ್ಕಾಗಿ ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. 1921ರಲ್ಲಿ ಮನೋರಮೆ ತೀರಿಕೊಂಡಾಗಲೂ ಕರಡಚ್ಚುಗಳನ್ನು ತಿದ್ದುವ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕಾಲವಾದರು. ಅವರ ಅನುವಾದದಲ್ಲಿ ಸಂಸ್ಕೃತ ಪದಗಳು ಬಹು ವಿರಳ. ಸರಸ್ವತಿಯೆಂದು ಬಿರುದು ಪಡೆದವರು, ಹೊಲದಲ್ಲಿ ದುಡಿಯುವ, ಒಲೆಯ ಮುಂದೆ ಕುಳಿತ ಹೆಂಗಸರು ಯಾರ ನೆರವೂ ಇಲ್ಲದೆ ಓದಿಕೊಳ್ಳಲೆಂದು, ಅವನ್ನು ಒಂದೊಂದಾಗಿ ತೆಗೆದು ಮನೆಮಾತಿನ ಪದಗಳನ್ನಿರಿಸಿದ್ದರು.