ಹೆಲೆನ್ ಕೆಲ್ಲರ್ ಹೈಸ್ಕೂಲು ಓದಿದ್ದು ಹೇಗೆ? ಬೆರಳಲ್ಲಿ ಮಾತಾಡೋದು ಕಲಿತ ಗೆಳತಿಯರ ಕಥೆ

ಮಲೆ ಮಹದೇಶ್ವರ ಬೆಟ್ಟ: ಹೆಲೆನ್ ಕೆಲ್ಲರ್ ಹೆಸರು ಶಾಲೆ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕಣ್ಣು ಕಾಣದ, ಕಿವಿ ಕೇಳದ ಹುಡುಗಿ ನೀರಿನ ಪಂಪಿನ ಕೆಳಗೆ ಕೈ ಒಡ್ಡಿ ಮೊದಲ ಪದ ಕಲಿತ ಕಥೆ ಎಲ್ಲರೂ ಕೇಳಿದ್ದಾರೆ. ಆದರೆ ಅದೇ ಹುಡುಗಿ ಹದಿನಾರನೇ ವಯಸ್ಸಿಗೆ ಮಾಮೂಲಿ ಹೈಸ್ಕೂಲು ಸೇರಿ, ಕಿವಿ ಕೇಳೋ ಹುಡುಗಿಯರ ಜೊತೆ ಕೂತು ಓದಿದ್ದು ಹೇಗೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಿವಿ ಮಂದ ಇರೋ ಮಗುವನ್ನ ಊರಿನ ಮಾಮೂಲಿ ಶಾಲೆಗೇ ಕಳಿಸ್ತಿರೋ ಮನೆಯವರು, ಆ ಮಗುವಿಗೆ ಪಾಠ ಹೇಳೋ ಮೇಷ್ಟ್ರುಗಳು ತಿಳಿದಿರಬೇಕಾದ ಭಾಗ ಅದೇ.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯಾ ಅನ್ನೋ ಸಣ್ಣ ಊರಲ್ಲಿ. ಹುಟ್ಟುವಾಗ ಕಣ್ಣು, ಕಿವಿ ಎರಡೂ ಚೆನ್ನಾಗಿದ್ದವು. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಜೋರು ಜ್ವರ ಬಂತು. ಜ್ವರ ಇಳಿಯಿತು, ಆದರೆ ಎರಡನ್ನೂ ತಗೊಂಡು ಹೋಯಿತು. ಕೇಳಿಸದ ಮೇಲೆ ಮಾತೂ ಬರಲಿಲ್ಲ. ಬೇಕಾದ್ದನ್ನ ಕೈಸನ್ನೆಯಲ್ಲಿ ಕೇಳೋಳು, ಅರ್ಥ ಆಗದಿದ್ದರೆ ಕೂಗಿ, ಒದ್ದು, ರಂಪ ಮಾಡೋಳು. ಹಠಮಾರಿ ಅಂತ ನೆಂಟರಿಷ್ಟರು ಅಂದುಕೊಂಡರೂ, ಹೇಳಬೇಕಾದ್ದನ್ನ ಹೇಳೋಕೆ ಆಗದ ಸಂಕಟ ಅದು.

ತಂದೆ ತಾಯಿ ಸುಮ್ಮನೆ ಕೂರಲಿಲ್ಲ. 1886ರಲ್ಲಿ ಮಗಳನ್ನ ವಾಷಿಂಗ್ಟನ್‌ಗೆ ಕರ್ಕೊಂಡು ಹೋಗಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ತೋರಿಸಿದರು. ಟೆಲಿಫೋನ್ ಕಂಡುಹಿಡಿದ ಬೆಲ್, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರೂ ಆಗಿದ್ದರು. ಅವರ ತಾಯಿಗೂ, ಹೆಂಡತಿಗೂ ಕಿವಿ ಕೇಳ್ತಿರಲಿಲ್ಲ. ಬಾಸ್ಟನ್ನಿನ ಪರ್ಕಿನ್ಸ್ ಶಾಲೆಗೆ ಪತ್ರ ಬರೆಯೋಕೆ ಹೇಳಿದ್ದು ಅವರೇ. ಅಲ್ಲಿಂದ 1887ರ ಮಾರ್ಚ್ 3ರಂದು ಬಂದವರು ಆನ್ ಸಲಿವನ್. ಇಪ್ಪತ್ತು ವರ್ಷದ ಹುಡುಗಿ, ಸ್ವತಃ ಅರ್ಧ ದೃಷ್ಟಿ ಕಳ್ಕೊಂಡಿದ್ದವರು. ಒಂದೊಂದು ಅಕ್ಷರಕ್ಕೆ ಒಂದೊಂದು ಬೆರಳ ಗುರುತು ಮಾಡಿ ಹೆಲೆನ್ ಅಂಗೈಯಲ್ಲಿ ಒತ್ತಿ ಒತ್ತಿ ಕಲಿಸಿದರು. ತಿಂಗಳಲ್ಲೇ, ಏಪ್ರಿಲ್ 5ರಂದು, ಪಂಪಿನ ನೀರು ಕೈ ಮೇಲೆ ಬೀಳುವಾಗ ಪ್ರತಿ ವಸ್ತುವಿಗೂ ಒಂದು ಹೆಸರು ಇರುತ್ತೆ ಅನ್ನೋದು ಹುಡುಗಿಗೆ ಹೊಳೆಯಿತು.

ಹೈಸ್ಕೂಲಿಗೆ ಸೇರಿದ್ದು

ಪರ್ಕಿನ್ಸ್ ಶಾಲೆಯಲ್ಲಿ ಓದಿ, ನ್ಯೂಯಾರ್ಕಿನ ಕಿವುಡ ಮಕ್ಕಳ ಶಾಲೆಯಲ್ಲೂ ಎರಡು ವರ್ಷ ಕಳೆದ ಮೇಲೆ ಹೆಲೆನ್‌ಗೆ ಕಾಲೇಜಿನ ಆಸೆ ಹುಟ್ಟಿತು. ಅದಕ್ಕೆ ತಯಾರಾಗೋಕೆ 1896ರ ಅಕ್ಟೋಬರ್‌ನಲ್ಲಿ ಕೇಂಬ್ರಿಡ್ಜ್ ಊರಿನ ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಕಣ್ಣು ಕಿವಿ ಸರಿಯಿದ್ದ ಹುಡುಗಿಯರ ಜೊತೆ ತರಗತಿಯಲ್ಲಿ ಕೂತದ್ದು ಅದೇ ಮೊದಲು.

ದಿನದ ಓದು ಸುಲಭ ಇರಲಿಲ್ಲ. ಟೀಚರ್ ಪಾಠ ಮಾಡ್ತಿದ್ದರೆ ಆನ್ ಪಕ್ಕದಲ್ಲಿ ಕೂತು ಅದಷ್ಟನ್ನೂ ಅಂಗೈಗೆ ಬೆರಳಲ್ಲಿ ದಾಟಿಸ್ತಿದ್ದರು. ಎಲ್ಲರ ಹಾಗೆ ಕ್ಲಾಸಲ್ಲೇ ನೋಟ್ಸ್ ಬರ್ಕೊಳ್ಳೋಕೆ ಆಗ್ತಿರಲಿಲ್ಲ, ಯಾಕಂದ್ರೆ ಕೈ ಪಾಠ ಕೇಳೋದರಲ್ಲಿ ಇರ್ತಿತ್ತು. ಮನೆಗೆ ಬಂದ ಮೇಲೆ ನೆನಪಲ್ಲಿ ಉಳಿದದ್ದನ್ನ ಟೈಪ್‌ರೈಟರ್‌ನಲ್ಲಿ ಹೊಡೆದು ಮುಗಿಸಬೇಕು. ಬೇಕಾದ ಪುಸ್ತಕಗಳಲ್ಲಿ ಹೆಚ್ಚಿನವು ಉಬ್ಬಕ್ಷರದಲ್ಲಿ ಸಿಗ್ತಿರಲಿಲ್ಲ. ಅವನ್ನೂ ಆನ್ ಅವರೇ ಬೆರಳಲ್ಲಿ ಓದಿ ಹೇಳಬೇಕಿತ್ತು.

ಆ ಶಾಲೆಯಲ್ಲಿ ಹೆಲೆನ್‌ಗಾಗಿ ಬೆರಳಕ್ಷರ ಕಲಿತವರು ಇಬ್ಬರೇ ಶಿಕ್ಷಕರು: ಹೆಡ್‌ಮಾಸ್ಟರ್ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಭಾಷೆಯ ಮೇಡಂ. ಮೇಡಂ ಬೆರಳು ನಿಧಾನ, ತಡವರಿಸ್ತಿತ್ತು. ಆದರೂ ವಾರಕ್ಕೆ ಎರಡು ಸಲ ಬೇರೆಯಾಗಿ ಪಾಠ ಹೇಳಿ, ಆನ್ ಅವರಿಗೆ ಸ್ವಲ್ಪ ಬಿಡುವು ಕೊಡ್ತಿದ್ದರು.

ಓದಿನ ಆಚೆಗೆ ಇನ್ನೊಂದು ಬದಲಾವಣೆ ಆಯಿತು. ಹೆಲೆನ್ ಅದೇ ಶಾಲೆಯ ಹುಡುಗಿಯರ ಜೊತೆ ಒಂದೇ ಮನೆಯಲ್ಲಿ ಇದ್ದಳು. ಅವರಲ್ಲಿ ಕೆಲವರು ತಾವಾಗಿಯೇ ಬೆರಳಲ್ಲಿ ಮಾತಾಡೋದು ಕಲಿತರು. ಆಮೇಲೆ ಹರಟೆಗೆ, ಜೋಕಿಗೆ ನಡುವೆ ಆನ್ ಬೇಕಾಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹಿಡಿಯೋ ಆಟ ಆಡಿದರು, ಮಂಜಲ್ಲಿ ಕುಣಿದರು, ಜೊತೆಯಾಗಿ ದೂರ ದೂರ ನಡೆದು ಬಂದರು, ಪಾಠದ ಬಗ್ಗೆ ಮಾತಾಡ್ಕೊಂಡರು. ಅಲ್ಲೀವರೆಗೂ ತನ್ನ ವಯಸ್ಸಿನ ಮಾಮೂಲಿ ಹುಡುಗಿಯರ ಸಹವಾಸ ಹೇಗಿರುತ್ತೆ ಅಂತ ಹೆಲೆನ್‌ಗೆ ಗೊತ್ತೇ ಇರಲಿಲ್ಲ.

1897ರ ಜೂನ್ 29ರಿಂದ ಜುಲೈ 3ರವರೆಗೆ ಕಾಲೇಜು ಪ್ರವೇಶದ ಮೊದಲ ಹಂತದ ಪರೀಕ್ಷೆ. ಟೈಪ್‌ರೈಟರ್ ಸದ್ದು ಬೇರೆಯವರಿಗೆ ತೊಂದರೆ ಆಗಬಾರದು ಅಂತ ಬೇರೆ ಕೋಣೆ ಕೊಟ್ಟರು. ಗಿಲ್ಮನ್ ಅವರೇ ಪ್ರಶ್ನೆಪತ್ರಿಕೆಯನ್ನ ಬೆರಳಲ್ಲಿ ಓದಿ ಹೇಳಿದರು. ಹೆಲೆನ್ ಎಲ್ಲ ವಿಷಯದಲ್ಲೂ ಪಾಸು, ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿ ಆನರ್ಸ್.

ಎರಡನೇ ವರ್ಷದ ಪೆಟ್ಟು

ಎರಡನೇ ವರ್ಷ ಲೆಕ್ಕಾಚಾರ ತಪ್ಪಿತು. ಬೀಜಗಣಿತ, ರೇಖಾಗಣಿತ, ಭೌತಶಾಸ್ತ್ರ ಬಂದವು. ತರಗತಿಯಲ್ಲಿ ಮಕ್ಕಳು ಜಾಸ್ತಿ ಆದ್ದರಿಂದ ಟೀಚರುಗಳಿಗೆ ಬೇರೆಯಾಗಿ ಹೇಳ್ಕೊಡೋಕೆ ಪುರಸೊತ್ತಿಲ್ಲ. ಉಬ್ಬಕ್ಷರದ ಪುಸ್ತಕಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೋರ್ಡಿನ ಮೇಲಿನ ಚಿತ್ರ ತಿಳಿಯೋಕೆ, ದಿಂಬಿನ ಮೇಲೆ ನೇರ ತಂತಿ, ಬಾಗಿದ ತಂತಿ ಚುಚ್ಚಿ ತ್ರಿಕೋನ, ವೃತ್ತ ಮಾಡ್ಕೊಂಡು ಮುಟ್ಟಿ ನೋಡಬೇಕಾಯಿತು. ಹೆಲೆನ್‌ಗೆ ಹೊರೆ ಜಾಸ್ತಿ ಆಯ್ತು ಅಂತ ಗಿಲ್ಮನ್ ಪಾಠ ಕಡಿಮೆ ಮಾಡಿದರು. ಆನ್ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ತಾಯಿ ಮಗಳನ್ನ ಶಾಲೆ ಬಿಡಿಸಿದರು. ಮೇಷ್ಟ್ರೊಬ್ಬರನ್ನ ಗೊತ್ತು ಮಾಡಿ ಖಾಸಗಿಯಾಗಿ ಓದು ಮುಂದುವರಿಯಿತು.

1899ರ ಕೊನೆಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿ ಹೇಳೋಕೆ ಆನ್ ಅವರಿಗೆ ಅನುಮತಿ ಸಿಗಲಿಲ್ಲ. ಬ್ರೈಲ್‌ನಲ್ಲಿ ಬರೆಸಿಕೊಟ್ಟರು. ಆದರೆ ಬೀಜಗಣಿತದ ಗುರುತುಗಳು ಹೆಲೆನ್ ಕಲಿತ ಬ್ರೈಲ್‌ಗಿಂತ ಬೇರೆ ಇದ್ದವು. ಪರೀಕ್ಷೆ ಹತ್ತಿರ ಬಂದಾಗ ಹೊಸ ಗುರುತುಗಳನ್ನ ತರಿಸ್ಕೊಂಡು ಕಲಿತು ಬರೆದಳು, ಪಾಸಾದಳು. 1900ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿ, 1904ರಲ್ಲಿ ಪದವಿ ಪಡೆದಳು. ಕಿವಿ, ಕಣ್ಣು ಎರಡೂ ಇಲ್ಲದವರು ಬಿಎ ಪದವಿ ತಗೊಂಡಿದ್ದು ಅದೇ ಮೊದಲು.

ಮುಂದೆ ಹೆಲೆನ್ ಪುಸ್ತಕ ಬರೆದರು, ಭಾಷಣ ಮಾಡಿದರು, ದೇಶ ದೇಶ ಸುತ್ತಿ ಅಂಧರ, ಕಿವುಡರ ಪರ ಕೆಲಸ ಮಾಡಿದರು. 1936ರಲ್ಲಿ ಆನ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1955ರಲ್ಲಿ, 74ರ ವಯಸ್ಸಲ್ಲಿ, ಭಾರತಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನ ಕಂಡರು. 1968ರ ಜೂನ್ 1ರಂದು ನಿಧನರಾದರು. ಜಗತ್ತು ಅವರನ್ನ ಹೆಚ್ಚಾಗಿ ಕಣ್ಣಿಲ್ಲದವರು ಅಂತಲೇ ನೆನೆಯುತ್ತೆ. ಅವರಿಗೆ ಮಾತ್ರ ಕಿವುಡೇ ದೊಡ್ಡ ಕಷ್ಟ ಅನ್ನಿಸಿತ್ತು, ಯಾಕಂದ್ರೆ ಮನುಷ್ಯರ ಮಾತಿನಿಂದ ದೂರ ಇಡೋದು ಅದು.

ಇಲ್ಲಿಗೂ ಬೇಕಾದ ಪಾಠ

ಹೆಲೆನ್ ಜಾಣೆ, ನಿಜ. ಆದರೆ ಮೊದಲ ವರ್ಷ ದಾಟಿಸಿದ್ದು ಬರೀ ಜಾಣತನ ಅಲ್ಲ; ಹೆಡ್‌ಮಾಸ್ಟರು, ಒಬ್ಬ ಮೇಡಂ, ನಾಲ್ಕಾರು ಗೆಳತಿಯರು ಅವಳ ಭಾಷೆ ಕಲಿತದ್ದು. ಎರಡನೇ ವರ್ಷ ಪುರಸೊತ್ತು ಇಲ್ಲದಾಗ ಅದೇ ಜಾಣೆ ಶಾಲೆ ಬಿಡಬೇಕಾಯಿತು.

ಹನೂರು, ಕೌದಳ್ಳಿ, ರಾಮಾಪುರ, ಬೆಟ್ಟದ ಸುತ್ತಿನ ಪೋಡುಗಳಿಂದ ಹೈಸ್ಕೂಲಿಗೆ ಬರೋ ಮಗುವಿಗೆ ಕಿವಿ ಮಂದ ಇದ್ದರೆ, ದಡ್ಡ ಅಂತ ಕೊನೇ ಬೆಂಚಿಗೆ ಹಾಕೋದು, ಕೆಪ್ಪ ಅಂತ ಅಡ್ಡಹೆಸರು ಇಡೋದು ಸುಲಭ. ಮುಂದಿನ ಬೆಂಚಲ್ಲಿ ಕೂರಿಸೋದು, ಬೋರ್ಡಿಗೆ ಮುಖ ಮಾಡಿ ಮಾತಾಡದೆ ಮಗುವಿನ ಕಡೆ ತಿರುಗಿ ಹೇಳೋದು, ಪಕ್ಕದ ಹುಡುಗ ನೋಟ್ಸ್ ಕೊಡೋದು, ನಾಲ್ಕು ಸನ್ನೆ ಕಲಿಯೋದು, ಇದಕ್ಕೆ ದುಡ್ಡು ಬೇಕಿಲ್ಲ. ಕಿವಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೆಟ್ಟದಿಂದ ಬಸ್ಸಲ್ಲಿ ಹೋಗಿ ಬರೋಕೆ ಒಂದು ದಿನದ ಕೆಲಸ ಬಿಡಬೇಕಾಗುತ್ತೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನ 2016ರ ಕಾಯ್ದೆ ಕೊಟ್ಟಿದೆ. ಪ್ರಮಾಣಪತ್ರ ಮಾಡಿಸದ ಮನೆಯವರು ಈ ವರ್ಷವಾದರೂ ಮಾಡಿಸಿಕೊಳ್ಳೋದು ಒಳ್ಳೇದು.