ಗೋಪಾಳ ಗಣೇಶ ಆಗರಕರ: ಸ್ವಾತಂತ್ರ್ಯವೂ ಶೀಲವೂ

ಮುಂಬಯಿ ಕರ್ನಾಟಕದ ಎಷ್ಟೋ ವಿದ್ಯಾವಂತರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಂದವರು. ಆಲೂರ ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಪದವಿ ಪಡೆದುದು ಅಲ್ಲಿಯೇ. ಆ ಕಾಲೇಜಿನ ಸ್ಥಾಪಕರಲ್ಲಿ ಟಿಳಕರ ಹೆಸರು ಕನ್ನಡ ನಾಡಿನಲ್ಲಿ ಮನೆಮಾತಾದಂತೆ ಆಗರಕರರ ಹೆಸರು ಆಗಲಿಲ್ಲ. ಆದರೆ ವ್ಯಕ್ತಿಗೆ ಸ್ವಾತಂತ್ರ್ಯ ಕೊಟ್ಟರೆ ಸಮಾಜದಲ್ಲಿ ನೀತಿ ಉಳಿದೀತೇ ಎಂಬ ಪ್ರಶ್ನೆಯನ್ನು, ಪೇಶವೆಯರ ನೆನಪು ಇನ್ನೂ ಹಸಿಯಾಗಿದ್ದ ಆ ನಗರದಲ್ಲಿ ನಿಂತು ನೇರವಾಗಿ ಎದುರಿಸಿದವರು ಅವರೇ.

ಆಗರಕರರು ಹುಟ್ಟಿದುದು 1856ರಲ್ಲಿ, ಕರಾಡದ ಬಳಿಯ ಟೆಂಭು ಎಂಬ ಹಳ್ಳಿಯ ಕಡುಬಡ ಕುಟುಂಬದಲ್ಲಿ. ಕರಾಡ, ರತ್ನಾಗಿರಿ, ಅಕೋಲಾಗಳಲ್ಲಿ ಪರಾಶ್ರಯದಲ್ಲಿ ಓದಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಇದ್ದ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ತೊಡುತ್ತಿದ್ದರೆಂದು ಹೇಳುತ್ತಾರೆ. ಟಿಳಕರ ಸ್ನೇಹ ಬೆಳೆದುದೂ, ಮಿಲ್ ಮತ್ತು ಸ್ಪೆನ್ಸರರ ಗ್ರಂಥಗಳು ಮನಸ್ಸನ್ನು ಹಿಡಿದುದೂ ಅಲ್ಲಿಯೇ. ದೊಡ್ಡ ಸಂಬಳದ ಸರಕಾರಿ ನೌಕರಿ ಕೈಗೆಟಕುವಂತಿದ್ದರೂ ಹೊಟ್ಟೆಬಟ್ಟೆಗೆ ಸಾಕಾಗುವಷ್ಟರಲ್ಲಿ ತೃಪ್ತನಾಗಿ ಜನಹಿತಕ್ಕೆ ದುಡಿಯುವೆನೆಂದು ತಾಯಿಗೆ ಬರೆದು ತಿಳಿಸಿದರು. 1880ರ ನ್ಯೂ ಇಂಗ್ಲಿಷ್ ಸ್ಕೂಲ್, 1881ರ ಕೇಸರಿ, 1884ರ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರ ಫರ್ಗ್ಯುಸನ್ ಕಾಲೇಜು, ಇವೆಲ್ಲವುಗಳಲ್ಲಿಯೂ ಅವರ ದುಡಿಮೆಯಿದೆ. ಕೊಲ್ಹಾಪುರದ ದಿವಾನ ಬರ್ವೆಯವರ ಮಾನಹಾನಿ ಪ್ರಕರಣದಲ್ಲಿ 1882ರಲ್ಲಿ ಟಿಳಕರೊಂದಿಗೆ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದರು.

ಸೆರೆಯಲ್ಲಿ ಜತೆಗಿದ್ದ ಗೆಳೆಯರು ಮುಂದೆ ಅಗಲಿದರು. ಮೊದಲು ರಾಜಕೀಯ ಸ್ವಾತಂತ್ರ್ಯವೋ ಸಮಾಜ ಸುಧಾರಣೆಯೋ ಎಂಬ ವಾದವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಸುಳ್ಳಲ್ಲವಾದರೂ ವಿಷಯದ ಆಳವನ್ನು ಮುಟ್ಟುವುದಿಲ್ಲ. ನೀತಿಗೆ ಆಧಾರ ರೂಢಿಯೋ ವ್ಯಕ್ತಿಯ ವಿವೇಕವೋ ಎಂಬುದು ಆಗರಕರರ ಮೂಲಪ್ರಶ್ನೆಯಾಗಿತ್ತು. ಬಲವಂತದಿಂದ ತಲೆ ಬೋಳಿಸಿಕೊಂಡ ಬಾಲವಿಧವೆಯ ವೈರಾಗ್ಯವನ್ನು ಸದ್ಗುಣವೆಂದು ಕರೆಯಲು ಅವರು ಒಪ್ಪಲಿಲ್ಲ. ತಪ್ಪುವ ಅವಕಾಶವೇ ಇಲ್ಲದವಳ ನಡತೆಯಲ್ಲಿ ಶೀಲದ ಪರೀಕ್ಷೆ ನಡೆಯುವುದಾದರೂ ಹೇಗೆ? ಈ ವಿಚಾರಗಳಿಗೆ ಕೇಸರಿಯಲ್ಲಿ ಎಡೆ ಸಾಲದಾದಾಗ 1887ರಲ್ಲಿ ಸಂಪಾದಕತ್ವವನ್ನು ಬಿಟ್ಟರು. ಮರುವರ್ಷ ಸುಧಾರಕ ಪತ್ರಿಕೆಯನ್ನು ತೆಗೆದರು. ಅದರ ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ತರುಣ ಗೋಖಲೆಯವರು.

ಈ ನಿಲುವು ಕಠಿಣ ಪರೀಕ್ಷೆಗೆ ಒಳಗಾದುದು ಸಮ್ಮತಿವಯದ ಮಸೂದೆಯ ಕಾಲದಲ್ಲಿ. ಹೆಣ್ಣುಮಗುವಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಈ ಕಾನೂನು 1891ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಸುಧಾರಣೆ ಶಿಕ್ಷಣದಿಂದ, ಸಮಾಜದ ಒಳಗಿನಿಂದಲೇ ಬರಬೇಕು, ಪರಕೀಯ ಸರಕಾರ ನಮ್ಮ ಮನೆಯೊಳಗೆ ಕೈಯಿಕ್ಕಬಾರದು ಎಂಬುದು ಟಿಳಕರ ವಾದ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವ್ಯಕ್ತಿಸ್ವಾತಂತ್ರ್ಯದ ಉಪಾಸಕರೇ ರಾಜದಂಡವನ್ನು ಕರೆದುದು ವಿಚಿತ್ರವೆಂದು ಅಂದಿನವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮಿಲ್ ಪ್ರತಿಪಾದಿಸಿದ ಸ್ವಾತಂತ್ರ್ಯ ಇನ್ನೊಬ್ಬರಿಗೆ ಹಾನಿ ಮಾಡುವ ಹಕ್ಕಾಗಿರಲಿಲ್ಲ. ಮಕ್ಕಳನ್ನು ಅವನು ಸ್ಪಷ್ಟವಾಗಿಯೇ ಬೇರೆಯಾಗಿ ಇರಿಸಿದ್ದನು. ಸಮ್ಮತಿ ಕೊಡಲಾರದ ಮಗುವಿನ ಮೇಲೆ ಗಂಡನಿಗಿರುವ ಅಧಿಕಾರ ಸ್ವಾತಂತ್ರ್ಯವೆನಿಸದು. ಆಗರಕರರು ಮಸೂದೆಯನ್ನು ಬೆಂಬಲಿಸಿದುದು ಈ ತರ್ಕಕ್ಕೆ ಪೂರ್ತಿ ಹೊಂದುತ್ತದೆ.

ಪುಣೆಯ ಸನಾತನಿಗಳು ಅವರು ಬದುಕಿರುವಾಗಲೇ ಅವರ ಶವಯಾತ್ರೆಯನ್ನು ಹೊರಡಿಸಿದರು. ದೇವರನ್ನು ನಂಬದವನಿಗೆ ನೀತಿಯ ಹಂಗಿಲ್ಲವೆಂಬ ಆಕ್ಷೇಪಣೆಗೆ ಅವರ ದಿನಚರಿಯೇ ಉತ್ತರವಾಗಿತ್ತು. ಉಬ್ಬಸದಿಂದ ಜರ್ಜರಿತವಾದ ದೇಹ, ಸಂಬಳ ಅಲ್ಪ, ಪಾಠ ಮತ್ತು ಬರವಣಿಗೆಗೆ ಮಾತ್ರ ಬಿಡುವಿಲ್ಲ.

ಅವರ ಬರವಣಿಗೆಯಲ್ಲಿ ಅಪ್ಪಣೆಯ ಧ್ವನಿ ಇಲ್ಲದಿಲ್ಲ. ಹೆಂಗಸರು ಜಾಕೀಟು ತೊಡಲೇಬೇಕೆಂದು ವಾದಿಸಿ ಲೇಖನ ಬರೆದವರು ಅವರು. ಸ್ವಾತಂತ್ರ್ಯವಾದಿಯ ಬಾಯಲ್ಲಿ ಈ ‘ಬೇಕು’ ತುಸು ನಗೆ ತರಿಸುತ್ತದೆ. ಮನೆಯ ಮಾತು ಬೇರೆ. ಪತ್ನಿ ಯಶೋದಾಬಾಯಿಯವರು ದೈವಭಕ್ತೆ. ಅವರ ಪೂಜೆ ವ್ರತಗಳಿಗೆ ಈ ನಿರೀಶ್ವರವಾದಿ ಅಡ್ಡಿ ಬರಲಿಲ್ಲ. ಹೆಂಡತಿಯ ಶ್ರದ್ಧೆಯನ್ನು ಅಪ್ಪಣೆಯಿಂದ ಕಳೆಯಲು ಹೊರಟಿದ್ದರೆ ತಾವು ಖಂಡಿಸುತ್ತಿದ್ದ ರೂಢಿಯ ದಬ್ಬಾಳಿಕೆಯನ್ನೇ ಅವರು ಮನೆಯಲ್ಲಿ ನಡೆಸಿದಂತಾಗುತ್ತಿತ್ತು. ಅವರ ಸುಧಾರಣಾ ಲೇಖನಗಳಿಗಿಂತ ಈ ಸಂಯಮವೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಮಿತಿಯನ್ನೂ ಹೇಳಬೇಕು. ಅವರ ಚಿಂತನೆ ಬಹುಮಟ್ಟಿಗೆ ಮೇಲುಜಾತಿಯ ಕುಟುಂಬದ ಸುತ್ತಲೇ ತಿರುಗಿತು. ಅದೇ ಪುಣೆಯಲ್ಲಿ ಜೋತಿಬಾ ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜವನ್ನು ಕಟ್ಟಿ ಕೇಳಿದ ಪ್ರಶ್ನೆಗಳ ತೀವ್ರತೆ ಇಲ್ಲಿ ಕಾಣದು.

1892ರಲ್ಲಿ ಆಗರಕರರು ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು. ಮರುವರ್ಷ ಅಲ್ಲಿಯ ಗಣಿತದ ಅಧ್ಯಾಪಕ ಧೋಂಡೋ ಕೇಶವ ಕರ್ವೆಯವರು ವಿಧವೆಯಾಗಿದ್ದ ಗೋದೂಬಾಯಿಯವರನ್ನು ಮದುವೆಯಾದರು. ಸ್ವಂತ ಊರಾದ ಮುರುಡ ಅವರನ್ನು ಬಹಿಷ್ಕರಿಸಿತು. ಕಾಲೇಜಿನ ಕೆಲಸ ಉಳಿಯಿತು. 1895ರ ಜೂನ್ 17ರಂದು, ಇನ್ನೂ ಮೂವತ್ತೊಂಬತ್ತು ತುಂಬುವ ಮೊದಲೇ, ಆಗರಕರರು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಗೆ ಬೇಕಾಗುವಷ್ಟು ಹಣವನ್ನು ಅವರು ಪೊಟ್ಟಣ ಕಟ್ಟಿ ಇಟ್ಟಿದ್ದರು. ಮುಂದಿನ ವರ್ಷ ಕರ್ವೆಯವರು ಪುಣೆಯಲ್ಲಿ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮವನ್ನು ಸ್ಥಾಪಿಸಿದರು.