ಕಲ್ಲು ಕಲ್ಲುಸಕ್ಕರೆಯಾಗುವ ತನಕ ಕಾದ ಕೈವಾರ ತಾತಯ್ಯ

ನಾಡಿಗೆ ಬರವೋ ರೋಗವೋ ಬಂದೊಡನೆ ಕಾಲಜ್ಞಾನದ ಮಾತು ಮೇಲೇಳುವುದು ಕನ್ನಡ ನಾಡಿನ ಹಳೆಯ ರೂಢಿ. 2020ರಲ್ಲಿ ಕೊರೊನಾ ಹರಡಿದಾಗಲೂ ಹಾಗೆಯೇ ಆಯಿತು. ಅಂಥ ಹೊತ್ತಿನಲ್ಲಿ ಜನ ನೆನೆಯುವ ಕಾಲಜ್ಞಾನಿಗಳಲ್ಲಿ ಕೈವಾರದ ಯೋಗಿ ನಾರೇಯಣ ಯತೀಂದ್ರರೂ ಒಬ್ಬರು. ಭಕ್ತರಿಗೆ ಅವರು ಕೈವಾರ ತಾತಯ್ಯ. ಭವಿಷ್ಯ ನುಡಿದವರೆಂದು ಹೆಸರಾದ ಈ ಹಿರಿಯರು ಒಮ್ಮೆ ಗುರುವಿನ ಮಾತು ಎಂದು ಫಲಿಸೀತೆಂದು ತಾವೇ ಕಾದು ಕುಳಿತಿದ್ದರು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ 1726ರಲ್ಲಿ ಬಲಿಜ ಮನೆತನದಲ್ಲಿ ಹುಟ್ಟಿದ ನಾರಾಯಣಪ್ಪನವರದು ಬಳೆ ವ್ಯಾಪಾರ. ಬಳೆಯ ಮಲಾರ ಹೊತ್ತು ಊರೂರು ತಿರುಗಿದರೂ ಮನಸ್ಸೆಲ್ಲ ಊರಿನ ಅಮರನಾರಾಯಣ ಸ್ವಾಮಿಯಲ್ಲಿ. ವ್ಯಾಪಾರ ಕೈಹಿಡಿಯಲಿಲ್ಲ, ಮನೆಯಲ್ಲಿ ನೆಮ್ಮದಿ ಉಳಿಯಲಿಲ್ಲ. ಪತ್ನಿಯ ಸಿಡುಕನ್ನು ಜನಪ್ರಿಯ ಕಥೆಗಳು ವಿಸ್ತಾರವಾಗಿ ಹೇಳುತ್ತವೆ. ದಿನವೂ ಒಲೆ ಹೊತ್ತಿಸಬೇಕಾದ ಆಕೆಯ ಕಷ್ಟವನ್ನು ಮಾತ್ರ ಅಷ್ಟು ಹೇಳುವುದಿಲ್ಲ.

ಸಂಸಾರ ತೊರೆದ ನಾರಾಯಣಪ್ಪನವರಿಗೆ ಪರದೇಶಿ ಸ್ವಾಮಿ ಎಂಬ ಗುರು ದೊರೆತರು. ಪ್ರತೀತಿಯಂತೆ, ಗುರು ಮಂತ್ರೋಪದೇಶ ಮಾಡಿ ಒಂದು ಬೆಣಚುಕಲ್ಲನ್ನು ಕೊಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡು ಜಪಿಸಬೇಕು. ಕಲ್ಲು ಕಲ್ಲುಸಕ್ಕರೆಯಾಗಿ ಕರಗಿದ ದಿನ ಸಿದ್ಧಿ ಕೈಗೂಡುತ್ತದೆ ಎಂಬುದು ಅಭಯ. ಎಂದು ಕರಗುತ್ತದೆ ಎಂಬುದಕ್ಕೆ ಅವಧಿ ಇರಲಿಲ್ಲ. ಊರ ಸಮೀಪದ ಗುಡ್ಡದ ಗುಹೆಯಲ್ಲಿ ಅವರು ಕುಳಿತರು. ಬೆಳಗಾಗುತ್ತಿತ್ತು, ಬೈಗಾಗುತ್ತಿತ್ತು, ಬಾಯಲ್ಲಿ ಕಲ್ಲು ಕಲ್ಲಾಗಿಯೇ ಇರುತ್ತಿತ್ತು. ಉಗುಳಿ ಮನೆಗೆ ಮರಳಲು ಯಾವ ಅಡ್ಡಿಯೂ ಇರಲಿಲ್ಲ. ವರ್ಷಗಳ ಬಳಿಕ ಕಲ್ಲು ಸಿಹಿಯಾಯಿತೆಂದು ಭಕ್ತರು ನಂಬುತ್ತಾರೆ. ಪವಾಡವನ್ನು ಒಪ್ಪದವರೂ ಆ ವರ್ಷಗಳ ಹಟವನ್ನು ಅಲ್ಲಗಳೆಯಲಾರರು.

ಮುಂದೆ ಅವರು ತೆಲುಗು ಮತ್ತು ಕನ್ನಡಗಳಲ್ಲಿ ಕೀರ್ತನೆ, ಶತಕಗಳನ್ನೂ ಕಾಲಜ್ಞಾನವನ್ನೂ ರಚಿಸಿದರು. ಅದು ನೆಮ್ಮದಿಯ ಕಾಲವಾಗಿರಲಿಲ್ಲ. ಅವರ ಜೀವಿತದಲ್ಲೇ ಹೈದರಾಲಿ ಬಂದು ಹೋದರು, 1791ರಲ್ಲಿ ನಂದಿದುರ್ಗ ಇಂಗ್ಲಿಷರ ವಶವಾಯಿತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, 1831ರಲ್ಲಿ ಮೈಸೂರಿನ ಆಡಳಿತವನ್ನೇ ಕಂಪನಿ ಕೈಗೆತ್ತಿಕೊಂಡಿತು. ನಾಳೆ ಏನೆಂದು ಜನ ಕೇಳಿದ್ದರಲ್ಲಿ ಅಚ್ಚರಿಯಿಲ್ಲ.

ಕಾಲಜ್ಞಾನ ಪರಂಪರೆಗೆ ಕಾಯುವುದು ಹೊಸದಲ್ಲ. ಕೆಟ್ಟ ಕಾಲವನ್ನು ಕೊನೆಗಾಣಿಸಲು ವಸಂತರಾಯ ಬರುತ್ತಾನೆಂಬ ನಿರೀಕ್ಷೆ ಕನ್ನಡ, ತೆಲುಗು ನೆಲಗಳೆರಡರಲ್ಲೂ ಶತಮಾನಗಳಿಂದ ಇದೆ. ಈ ಪರಂಪರೆಯಲ್ಲಿ ವರ್ಷವನ್ನು ಸಂವತ್ಸರದ ಹೆಸರಿನಿಂದ ಸೂಚಿಸುವುದು ವಾಡಿಕೆ. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಒಂದು ಸುತ್ತಿನಲ್ಲಿ ಆಗದ್ದನ್ನು ಭಕ್ತರು ಮುಂದಿನ ಸುತ್ತಿಗೆ ಇಟ್ಟುಕೊಳ್ಳುತ್ತಾರೆ. ಸಂದೇಹವಾದಿಗಳು ಇದನ್ನೇ ಹಿಡಿದು ನಗುತ್ತಾರೆ. ಆ ನಗೆ ಪೂರ್ತಿ ತಪ್ಪೂ ಅಲ್ಲ. ಆದರೆ ದಿನ ಎಣಿಸುವವರೂ ನಗುವವರೂ ಗುಹೆಯಲ್ಲಿ ಕುಳಿತ ಬಳೆಗಾರನನ್ನು ಮರೆತಿರುತ್ತಾರೆ.

ತಾತಯ್ಯನವರು 1836ರಲ್ಲಿ, ತಮ್ಮ 110ನೇ ವಯಸ್ಸಿನಲ್ಲಿ, ಕೈವಾರದಲ್ಲೇ ಸಮಾಧಿಸ್ಥರಾದರೆಂದು ಮಠದ ಪರಂಪರೆ ಹೇಳುತ್ತದೆ. ಗುರುಪೂರ್ಣಿಮೆಗೆ ಅಲ್ಲಿ ಮೂರು ದಿನಗಳ ಸಂಗೀತೋತ್ಸವ ನಡೆಯುತ್ತದೆ. ಕಲಾವಿದರು ಸರದಿಯಂತೆ ವೇದಿಕೆಗೆ ಬಂದು, ಇರುಳೂ ಬಿಡುವಿಲ್ಲದೆ ಹಾಡುತ್ತಾರೆ.